ಅಪ್ಪನ ವಾಚಿನ ಕಲೆ

ಭಾನುವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಈಗ ನಿಮಗೆ ಕಾಣುತ್ತಿರುವುದು ಮೈಸೂರಿನ ದೊಡ್ಡ ಗಡಿಯಾರ. ಹಾಲಿನ ವ್ಯಾನು, ಹೂವಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು, ಒಂದು ಹಸು. ಇಷ್ಟನ್ನು ಬಿಟ್ಟರೆ ರಸ್ತೆ ಖಾಲಿ. ಕ್ಯಾಮೆರಾ ಮೇಲಕ್ಕೆ ಹೋದಾಗ ಡಯಲ್ ನೋಡಿ, ಅಂಕಿಗಳೆಲ್ಲ ಕನ್ನಡದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ ಇದು. ಕೂಗಳತೆಯ ದೂರದಲ್ಲಿ, ದೇವರಾಜ ಮಾರುಕಟ್ಟೆಯ ಬಳಿ, ಚಿಕ್ಕ ಗಡಿಯಾರವಿದೆ. ಹೆಸರಿಗೆ ಚಿಕ್ಕದಾದರೂ ವಯಸ್ಸಿನಲ್ಲಿ ಅದೇ ಹಿರಿದು, 1886ರದ್ದು. ಇಂಥ ಎರಡು ಗಡಿಯಾರಗಳ ನಡುವೆ ಓಡಾಡಿಕೊಂಡು ಬೆಳೆದ ನಾನು ಮೂವತ್ತೆಂಟು ತುಂಬುವವರೆಗೆ ಕೈಗೆ ವಾಚು ಕಟ್ಟಿದವನಲ್ಲ. ಮೊಬೈಲ್ ಇತ್ತಲ್ಲ, ಸಾಕಾಗಿತ್ತು.

ನನ್ನ ಹುಚ್ಚು ಕಾರಿನದು. ಗೋಪುರದ ಕೆಳಗೆ ನಿಂತಿರುವ ಈ ಕೆನೆ ಬಣ್ಣದ 1984ರ ಪ್ರೀಮಿಯರ್ ಪದ್ಮಿನಿ ಹಳೆಯ ವೀಕ್ಷಕರಿಗೆ ಪರಿಚಯವೇ. ಸ್ಟೇರಿಂಗ್ ಪಕ್ಕದಲ್ಲೇ ಗೇರು, 1089 ಸಿಸಿ ಎಂಜಿನ್, ಚಳಿಗಾಲದಲ್ಲಿ ಚೋಕ್ ಎಳೆಯದಿದ್ದರೆ ಮುನಿಸು. ಪ್ರತಿ ಭಾನುವಾರ ಇದನ್ನು ಎಬ್ಬಿಸಿಕೊಂಡು ಚಾಮುಂಡಿ ಬೆಟ್ಟದ ಬುಡಕ್ಕೆ ಹೋಗುತ್ತೇನೆ. ಅಲ್ಲಿ ಎರಡು ಅಂಬಾಸಿಡರ್, ಒಂದು ಕಾಂಟೆಸಾ, ನಾಲ್ಕಾರು ಜಾವಾ, ಯೆಜ್ಡಿ ಬೈಕುಗಳು ಬಂದು ಸೇರುತ್ತವೆ. ಮೊದಲೆಲ್ಲ ಬಾನೆಟ್ ಎತ್ತಿ ಕಾರ್ಬೊರೇಟರ್ ಬಗ್ಗೆ ಜಗಳವಾಡುತ್ತಿದ್ದೆವು. ಈಗ ಎರಡು ಮೂರು ವರ್ಷಗಳಿಂದ ಹೊಸ ಚಾಳಿ ಶುರುವಾಗಿದೆ. ಕೈ ಕುಲುಕುವ ನೆಪದಲ್ಲಿ ಎಲ್ಲರ ಕಣ್ಣೂ ಎದುರಿನವನ ಮಣಿಕಟ್ಟಿನ ಮೇಲೆ.

ಕಾರಿನವರಿಗೆ ವಾಚು ಯಾಕೆ ಹಿಡಿಸುತ್ತದೆ ಎಂದು ಕೇಳಿದರೆ ಯಂತ್ರದ ಸೊಬಗು, ಕುಶಲತೆ, ಪರಂಪರೆ ಎಂದೆಲ್ಲ ಹೇಳುತ್ತಾರೆ. ಇರಬಹುದು. ನಮ್ಮ ಗುಂಪಿನ ಮಟ್ಟಿಗೆ ನಿಜವಾದ ಕಾರಣ ನಿಲ್ಲಿಸಲು ಜಾಗವಿಲ್ಲದಿರುವುದು. ಸರಸ್ವತಿಪುರಂನ ನಮ್ಮ ಮನೆಯ ಮುಂದೆ ಪದ್ಮಿನಿ ನಿಂತರೆ ಅಮ್ಮನಿಗೆ ರಂಗೋಲಿ ಹಾಕಲು ಒಂದು ಮೊಳ ನೆಲ ಉಳಿಯುತ್ತದೆ. ಎರಡನೆಯ ಕಾರಿನ ಮಾತೆತ್ತುವ ಧೈರ್ಯ ನನಗಿಲ್ಲ. ವಾಚುಗಳಾದರೆ ಆರು ಬಂದರೂ ಒಂದು ಮೈಸೂರು ಪಾಕಿನ ಡಬ್ಬಿಯಲ್ಲಿ ಹಿಡಿಸುತ್ತವೆ. ಹಿಡಿಸಿವೆ ಕೂಡ. ಇಗೋ, ಡಬ್ಬಿ.

ಈಗ ಬೆಟ್ಟದ ಮೇಲಿನಿಂದ ತೆಗೆದ ದೃಶ್ಯ. ಕೆಳಗೆ ಹಸಿರಾಗಿ, ಉದ್ದುದ್ದಕ್ಕೆ ದುಂಡಗೆ ಕಾಣುವುದು ನಮ್ಮ ರೇಸ್ ಕೋರ್ಸ್. ಇದನ್ನು ಸುಮ್ಮನೆ ತೋರಿಸುತ್ತಿಲ್ಲ. ಗುಂಡಿ ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಕ್ರೋನೊಗ್ರಾಫ್ ವಾಚನ್ನು ಕಾರಿನವರು ತಮ್ಮ ಸ್ವತ್ತೆಂದು ತಿಳಿದಿದ್ದಾರೆ. ಅದು ಹುಟ್ಟಿದ್ದು ಕುದುರೆಗಳಿಂದ. 1821ರಲ್ಲಿ ಪ್ಯಾರಿಸಿನ ಕುದುರೆ ಪಂದ್ಯವೊಂದರಲ್ಲಿ ನಿಕೊಲಾ ರ‍್ಯೂಸೆಕ್ ಎಂಬ ಗಡಿಯಾರ ತಯಾರಕ, ಕುದುರೆ ಗುರಿ ಮುಟ್ಟಿದ ಕ್ಷಣಕ್ಕೆ ಡಯಲ್ ಮೇಲೆ ಶಾಯಿಯ ಚುಕ್ಕೆ ಬೀಳಿಸುವ ಯಂತ್ರ ಬಳಸಿದ. ಕ್ರೋನೊಗ್ರಾಫ್ ಎಂದರೆ ಕಾಲವನ್ನು ಬರೆಯುವುದು ಎಂದರ್ಥ. ಅವನ ಯಂತ್ರ ನಿಜವಾಗಿಯೂ ಬರೆಯುತ್ತಿತ್ತು.

ಕಾರಿನವರ ಸರದಿ ಬಂದದ್ದು ಆಮೇಲೆ. ಸ್ವಿಟ್ಜರ್ಲೆಂಡಿನ ಹೊಯರ್ ಕಂಪನಿ 1933ರಲ್ಲಿ ಕಾರು, ವಿಮಾನಗಳ ಡ್ಯಾಶ್‌ಬೋರ್ಡಿಗೆಂದು ಒಂದು ಗಡಿಯಾರ ಮಾಡಿ, ಆಟೊಮೊಬೈಲ್ ಮತ್ತು ಏವಿಯೇಶನ್ ಎರಡರ ತಲೆಯನ್ನೂ ಸೇರಿಸಿ ಆಟಾವಿಯಾ ಎಂದು ಹೆಸರಿಟ್ಟಿತು. ಅದೇ ಕಂಪನಿಯ ಕರೇರಾ ಬಂದದ್ದು 1963ರಲ್ಲಿ. ಮೆಕ್ಸಿಕೊದಲ್ಲಿ 1950ರಿಂದ 1954ರವರೆಗೆ ನಡೆದು, ಅಪಾಯಕ್ಕೆ ಹೆಸರಾಗಿದ್ದ ರಸ್ತೆ ಪಂದ್ಯದ ಹೆಸರು ಅದಕ್ಕೆ. ಚಂದ್ರನ ಮೇಲೆ ಇಳಿದವರು ಕಟ್ಟಿದ್ದರಿಂದ ಒಮೆಗಾ ಸ್ಪೀಡ್‌ಮಾಸ್ಟರ್ ಅನ್ನು ಎಲ್ಲರೂ ಚಂದ್ರನ ವಾಚು ಎನ್ನುತ್ತಾರೆ. 1957ರಲ್ಲಿ ಅದನ್ನು ಮಾಡಿದ್ದು ಕಾರು ಓಡಿಸುವವರಿಗಾಗಿ, ಚಂದ್ರನ ಯೋಗ ಆಮೇಲೆ ಕೂಡಿ ಬಂತು. ರೋಲೆಕ್ಸ್ ಡೇಟೋನಾ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಡೇಟೋನಾ 2017ರಲ್ಲಿ 1.77 ಕೋಟಿ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಇಂಥ ಸುದ್ದಿ ಕೇಳಿದಾಗ ನನಗೆ ವಾಚಿನ ಮೇಲಿನ ಪ್ರೀತಿ ಸ್ವಲ್ಪ ಕಡಿಮೆಯೇ ಆಗುತ್ತದೆ.

ನನಗೆ ಈ ಹುಚ್ಚು ಹತ್ತಿಸಿದ್ದು ಕಾಂಟೆಸಾ ಗೆಳೆಯನ ಜಪಾನಿ ವಾಚು, ಸೈಕೋ (Seiko). ಮಾದರಿ 6139. ಸೈಕೋ ಇದನ್ನು ಹೊರತಂದದ್ದು 1969ರಲ್ಲಿ, ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ, ಜಗತ್ತಿನ ಮೊದಲ ಆಟೊಮ್ಯಾಟಿಕ್ ಕ್ರೋನೊಗ್ರಾಫ್‌ಗಳ ಸಾಲಿನಲ್ಲಿ ಇದೂ ಒಂದು. ಗಾಜಿನ ಸುತ್ತಲಿನ ಉಂಗುರದ ಮೇಲೆ ಅಂಕಿಗಳಿವೆ, ನೋಡಿ. 60, 80, 100, 200. ಇದಕ್ಕೆ ಟ್ಯಾಕಿಮೀಟರ್ ಎನ್ನುತ್ತಾರೆ. ಒಂದು ಕಿಲೋಮೀಟರ್ ಕಲ್ಲು ದಾಟುವಾಗ ಗುಂಡಿ ಒತ್ತಿ, ಮುಂದಿನ ಕಲ್ಲು ಬಂದಾಗ ನಿಲ್ಲಿಸಬೇಕು. ಮುಳ್ಳು ತೋರಿಸುವ ಅಂಕಿಯೇ ವೇಗ. ಲೆಕ್ಕ ಬಹಳ ಸರಳ, 3600ನ್ನು ಸೆಕೆಂಡುಗಳಿಂದ ಭಾಗಿಸಿದರಾಯಿತು. 36 ಸೆಕೆಂಡಾದರೆ ಗಂಟೆಗೆ 100 ಕಿಲೋಮೀಟರ್, 45 ಆದರೆ 80.

ವಾಚು ಕಟ್ಟಿದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಈ ಗುಂಡಿ ಒತ್ತುವುದು ಇಡ್ಲಿ ಬೇಯಿಸಲು. ನಾವು ಹೆದ್ದಾರಿಗೇ ಹೋದೆವು. ಶ್ರೀರಂಗಪಟ್ಟಣ ದಾಟಿ ಮಂಡ್ಯದ ದಿಕ್ಕಿಗೆ ಹೊರಟಾಗ ಎಡ ಬಲ ಕಬ್ಬಿನ ಗದ್ದೆಗಳು, ಗಾಳಿಯಲ್ಲಿ ಆಲೆಮನೆಯ ಬೆಲ್ಲದ ವಾಸನೆ. ಕಾರು ನನ್ನದು, ಸ್ಟೇರಿಂಗ್ ಹಿಡಿದವನು ಗೆಳೆಯ, ಸೈಕೋ ನನ್ನ ಕೈಯಲ್ಲಿ. ಓಡಿಸುವವನೇ ವಾಚು ನೋಡುವ ಸಾಹಸ ಯಾರೂ ಮಾಡಬೇಡಿ. ಪದ್ಮಿನಿಯ ಸ್ಪೀಡೋಮೀಟರ್ ಮುಳ್ಳು ಸ್ವಲ್ಪ ನಡುಗಿ 80ರಲ್ಲಿ ನಿಂತಿತು. ಕಲ್ಲು ಬಂತು, ಒತ್ತಿದೆ. ಮುಂದಿನ ಕಲ್ಲು ಬರುತ್ತಲೇ ಇಲ್ಲ ಅನ್ನಿಸಿತು. ಬಂತು, ನಿಲ್ಲಿಸಿದೆ. ಐವತ್ತು ಸೆಕೆಂಡು, ಅಂದರೆ 72. ಇನ್ನೊಮ್ಮೆ ಮಾಡಿದೆವು, ಮತ್ತೆ ಐವತ್ತು. ಎಂಟು ವರ್ಷಗಳಿಂದ ಪ್ರತಿ ಪ್ರಯಾಣದಲ್ಲೂ ನನ್ನ ಕಾರು ಎಂಟು ಕಿಲೋಮೀಟರ್ ಸುಳ್ಳು ಹೇಳುತ್ತಿತ್ತು, ನಾನು ಅದನ್ನು ನಂಬಿ ಹೆಮ್ಮೆಪಟ್ಟಿದ್ದೆ. ಗೆಳೆಯ ಮದ್ದೂರು ವಡೆ ತಿನ್ನುವವರೆಗೂ ನಕ್ಕ. ವಾಪಸ್ಸು ಬರುವಾಗ ನನಗೊಂದು ವಾಚು ಬೇಕೇ ಬೇಕು ಎಂದು ತೀರ್ಮಾನವಾಗಿತ್ತು.

ಮನೆಯಲ್ಲಿ ಒಂದಿತ್ತು. ಅಪ್ಪನ ಎಚ್‌ಎಂಟಿ ಜನತಾ. ಬೀರುವಿನಲ್ಲಿ, ಹಳೆಯ ಪಾಸ್‌ಪುಸ್ತಕಗಳ ಕೆಳಗೆ. ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮೊದಲ ಬೋನಸ್ಸಿನಲ್ಲಿ ಕೊಂಡ ವಾಚು ಅದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಕೆಲವು ದಿನಕ್ಕೆ ವಾಚಿಗೆ ಕೀ ಕೊಡುವುದನ್ನೂ ನಿಲ್ಲಿಸಿದರು. ಶಿಫ್ಟಿಗೆ ಹೋಗುವುದಿಲ್ಲವಾದರೆ ಅದೇಕೆ ಎಂದು ಅವರ ಲೆಕ್ಕ. ಎಚ್‌ಎಂಟಿಯ ಕಥೆಯೂ ಹೀಗೇ ಮುಗಿಯಿತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಚಿನ ತಯಾರಿಕೆಗೆ 2016ರಲ್ಲಿ ಕೇಂದ್ರ ಸರ್ಕಾರ ಬೀಗ ಹಾಕಲು ಒಪ್ಪಿತು.

ವಾಚನ್ನು ಹೊರತೆಗೆದಾಗ ಗಾಜು ಮಂಜು ಕವಿದಂತಿತ್ತು. ಬಿಳಿ ಡಯಲ್ ಮೇಲೆ ನಾಲ್ಕು ಮತ್ತು ಐದರ ನಡುವೆ ಕಂದು ಬಣ್ಣದ ಕಲೆ, ನೀರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಹರಡಿತ್ತು. ಕಾರಿನವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಟಿಂಕರಿಂಗ್, ಪುಟ್ಟಿ, ಪೇಂಟ್. ಪದ್ಮಿನಿಯನ್ನು ತಗಡಿನ ಮಟ್ಟಕ್ಕೆ ಉಜ್ಜಿ ಮೂರು ಕೋಟ್ ಬಣ್ಣ ಹೊಡೆಸಿದವನಿಗೆ ಬೆರಳುಗಲದ ಡಯಲ್ ಯಾವ ಲೆಕ್ಕ?

ಹಳೆಯ ಪೇಟೆಯ ಓಣಿಯೊಂದರಲ್ಲಿ ರಿಪೇರಿಯವರೊಬ್ಬರಿದ್ದಾರೆ. ನಾವು ಗಡಿಯಾರದ ಮೇಷ್ಟ್ರು ಎನ್ನುತ್ತೇವೆ. ಹೆಸರು, ಅಂಗಡಿ ತೋರಿಸಬೇಡ ಎಂದು ಹೇಳಿದ್ದರಿಂದ ಬರೀ ಕೈಗಳು ಕಾಣುತ್ತಿವೆ. ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮುಟದ ತುದಿಯಿಂದ ಗುಲಾಬಿ ಬಣ್ಣದ ಚುಕ್ಕೆಗಳನ್ನು ಒಂದೊಂದಾಗಿ ತೋರಿಸಿದರು. ಡಯಲ್ ಮೇಲೆ ಹದಿನೇಳು ಜ್ಯುವೆಲ್ಸ್ ಎಂದು ಬರೆದಿರುತ್ತದಲ್ಲ, ಅವು ಇವು. ಚಿಕ್ಕವನಿದ್ದಾಗ ಒಳಗೆ ರತ್ನಗಳಿವೆ, ನಾವು ಸಾಹುಕಾರರು ಎಂದುಕೊಂಡಿದ್ದೆ. ರತ್ನವೇ, ಆದರೆ ಕಾರ್ಖಾನೆಯಲ್ಲಿ ಮಾಡಿದ ಕೆಂಪು ಕಲ್ಲು. ಚಕ್ರದ ಅಚ್ಚು ತಿರುಗುವ ಕಡೆ ಸವೆಯದಂತೆ ಕೂರಿಸಿದ ಬೇರಿಂಗ್, ಅಷ್ಟೇ. ಒಣಗಿದ ಎಣ್ಣೆ ತೊಳೆದು, ಸೂಜಿಯ ಮೊನೆಯಲ್ಲಿ ಹೊಸ ಎಣ್ಣೆ ಇಟ್ಟು, ಕೀ ಕೊಟ್ಟರು. ಬ್ಯಾಲೆನ್ಸ್ ಚಕ್ರ ಒಮ್ಮೆ ತೂಗಾಡಿತು, ನಿಂತಿತು, ಮತ್ತೆ ಹೊರಟಿತು. ಸೆಕೆಂಡಿಗೆ ಐದು ಬಡಿತ, ದಿನಕ್ಕೆ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ. ಇಪ್ಪತ್ತು ವರ್ಷಕ್ಕೂ ಮೇಲೆ ಮಲಗಿದ್ದ ಯಂತ್ರ. ನನ್ನ ಪದ್ಮಿನಿ ಎರಡು ವಾರ ಬಿಟ್ಟರೆ ತಳ್ಳಿಸಿಕೊಳ್ಳುತ್ತದೆ.

"ಡಯಲ್‌ಗೂ ಹೊಸ ಬಣ್ಣ ಹಾಕಿಸಿಬಿಡಿ" ಎಂದೆ.

ಮೇಷ್ಟ್ರು ಮಸೂರವನ್ನು ಹಣೆಗೆ ಏರಿಸಿದರು. "ಅದು ನನ್ನಿಂದಾಗುವುದಿಲ್ಲ ಸ್ವಾಮಿ. ಬೇರೆ ಕಡೆ ನೋಡಿಕೊಳ್ಳಿ."

ನನಗೆ ಸಿಟ್ಟು ಬಂತು. ದುಡ್ಡು ಕೊಡುವವನು ನಾನು. ಮನೆಗೆ ಬಂದವನೇ ಅಂತರ್ಜಾಲದಲ್ಲಿ ಹುಡುಕಿ ಫಳಫಳ ಹೊಳೆಯುವ ಎಚ್‌ಎಂಟಿ ಪೈಲಟ್ ಒಂದನ್ನು ತರಿಸಿಕೊಂಡೆ. ಮಾರಿದವನು ಕಾರ್ಖಾನೆಯಿಂದ ಬಂದ ಹಾಗೇ ಇದೆ ಎಂದಿದ್ದ. ಡಯಲ್ ಗಿಳಿಹಸಿರು. ಒಂದು ವಾರ ಮೆರೆದೆ. ಎಂಟನೆಯ ದಿನದಿಂದ ಅದು ದಿನಕ್ಕೆ ಹತ್ತು ನಿಮಿಷ ಮುಂದೆ ಓಡತೊಡಗಿತು. ತಲೆ ತಗ್ಗಿಸಿಕೊಂಡು ಮೇಷ್ಟ್ರ ಬಳಿಗೇ ಹೋದೆ.

ಅವರು ವಾಚಿನ ಪಕ್ಕಕ್ಕೆ ಮಕ್ಕಳ ಆಟದ ದಿಕ್ಸೂಚಿಯೊಂದನ್ನು ತಂದರು. ಈ ದೃಶ್ಯವನ್ನು ನಿಧಾನಗತಿಯಲ್ಲಿ ಹಾಕಿದ್ದೇನೆ. ಉತ್ತರಕ್ಕೆ ನಿಂತಿದ್ದ ಮುಳ್ಳು ಗಿರ‍್ರನೆ ತಿರುಗಿ ವಾಚಿನತ್ತ ಮುಖ ಮಾಡಿತು. "ರಾತ್ರಿ ಎಲ್ಲಿ ಇಡುತ್ತೀರಿ?" ಎಂದು ಕೇಳಿದರು. ಕಾರಿನ ಹಿಂದಿನ ಸ್ಪೀಕರ್ ಮೇಲೆ. ಎರಡು ರಾತ್ರಿ ಅಲ್ಲೇ ಮರೆತಿದ್ದೆ. ಸ್ಪೀಕರಿನ ಆಯಸ್ಕಾಂತ, ಬ್ಯಾಲೆನ್ಸ್ ಚಕ್ರವನ್ನು ತೂಗಾಡಿಸುವ ಕೂದಲೆಳೆಯಂಥ ಸ್ಪ್ರಿಂಗಿಗೆ ಹತ್ತಿದೆ. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದಂತೆ, ಗಿಡ್ಡವಾದರೆ ಬಡಿತ ಜೋರು. ಆಯಸ್ಕಾಂತದ ಗುಣ ತೆಗೆಯುವ ನೀಲಿ ಡಬ್ಬಿಯೊಂದರ ಗುಂಡಿ ಒತ್ತಿ, ವಾಚನ್ನು ಅದರ ಮೇಲಿಂದ ನಿಧಾನವಾಗಿ ದೂರ ಎಳೆದರು. ದಿಕ್ಸೂಚಿ ತೆಪ್ಪಗಾಯಿತು. ಅಷ್ಟಕ್ಕೆ ಕಾಸು ತೆಗೆದುಕೊಳ್ಳಲಿಲ್ಲ.

ಆದರೆ ಮಸೂರವನ್ನು ನನ್ನ ಕೈಗೆ ಕೊಟ್ಟರು. ಎರಡು ವಾಚುಗಳನ್ನೂ ಬಿಳಿ ಕಾಗದದ ಮೇಲಿಟ್ಟು "ನೋಡಿ" ಎಂದರು. ಗಿಳಿಹಸಿರಿನ ಡಯಲ್ ಮೇಲಿನ ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲೆ ಬರೆದಂತೆ ಹರಡಿತ್ತು. ನಿಮಿಷದ ಗೆರೆಗಳು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಸೆಕೆಂಡಿನ ಮುಳ್ಳು ಬೇರಾವುದೋ ವಾಚಿನದು. ಉಜ್ಜಿ ಉಜ್ಜಿ ಕವಚದ ಮೂಲೆಗಳೆಲ್ಲ ಸಾಬೂನಿನಂತೆ ಜಾರಿದ್ದವು. ಪೈಲಟ್ ಎಂದರೆ ಮೂಲದಲ್ಲಿ ಕಪ್ಪು ಡಯಲ್, ಈ ಹಸಿರು, ಕಿತ್ತಳೆ, ನೇರಳೆಯೆಲ್ಲ ಆಮೇಲೆ ಬಳಿದದ್ದು. ಅಪ್ಪನ ಡಯಲ್ ಮೇಲೆ ಕಲೆಯಿತ್ತು, ನಿಜ. ಅದರಡಿಯ ಗೆರೆಗಳು ಕೂದಲಿನಷ್ಟು ಸಣ್ಣ, ಒಂದೂ ಸೊಟ್ಟವಾಗಿರಲಿಲ್ಲ.

ಕಾರಿಗೂ ವಾಚಿಗೂ ಇರುವ ಈ ವ್ಯತ್ಯಾಸ ಅರಗಿಸಿಕೊಳ್ಳಲು ನನಗೆ ತಿಂಗಳುಗಳೇ ಹಿಡಿದವು. ಕಾರಿನ ತಗಡು ತುಕ್ಕು ತಿನ್ನುತ್ತದೆ, ಬಣ್ಣ ಹೊಡೆಯದಿದ್ದರೆ ಕಾರೇ ಉಳಿಯುವುದಿಲ್ಲ. ಡಯಲ್ ಗಾಜಿನೊಳಗೆ ಕೂತಿರುತ್ತದೆ, ಅದನ್ನು ಉಳಿಸಲು ನಾವು ಮಾಡಬೇಕಾದ್ದು ಮುಟ್ಟದೇ ಇರುವುದು ಮಾತ್ರ. ನಮ್ಮಂಥವರಿಗೆ ಅದೇ ಕಷ್ಟದ ಕೆಲಸ. ನಮ್ಮ ಗುಂಪಿನಲ್ಲಿ ಎರಡು ಲಕ್ಷದ ಸ್ವಿಸ್ ವಾಚನ್ನು ಬಫ್ ಮಾಡಿಸಿ ತಂದು, ಕ್ರೋಮ್ ಬಂಪರಿನಂತೆ ಹೊಳೆಯುತ್ತಿದೆ ನೋಡಿ ಎಂದವರಿದ್ದಾರೆ. ಯಾರೆಂದು ಹೇಳುವುದಿಲ್ಲ, ಕಾಂಟೆಸಾ ಬಿಳಿ ಬಣ್ಣದ್ದು.

ಅಂತೂ ಜನತಾ ಈಗ ಓಡುತ್ತಿದೆ. ದಿನಕ್ಕೆ ಮೂವತ್ತು ಸೆಕೆಂಡು ಹಿಂದೆ, ಅಂದರೆ 2,880ರಲ್ಲಿ ಒಂದು ಪಾಲು ತಪ್ಪು. ಪದ್ಮಿನಿಯ ಸ್ಪೀಡೋಮೀಟರ್ ಒಂಬತ್ತರಲ್ಲಿ ಒಂದು ಪಾಲು ತಪ್ಪು. ಪ್ರತಿ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಕೀ ಕೊಡುವ ಕೆಲಸವನ್ನು ಅಪ್ಪ ನನ್ನ ಕೈಯಿಂದ ಕಿತ್ತುಕೊಂಡಿದ್ದಾರೆ. ನಾನು ಜಾಸ್ತಿ ತಿರುಗಿಸುತ್ತೇನಂತೆ.

ಹೋದ ಭಾನುವಾರ ಅವರನ್ನೂ ಕರೆದುಕೊಂಡು ಹೋದೆ. ನೋಡಿ, ಯೆಜ್ಡಿ ರೋಡ್‌ಕಿಂಗ್ ಹುಡುಗರು ಹೇಗೆ ಸುತ್ತುವರಿದಿದ್ದಾರೆ. ಜಾವಾ ಕಾರ್ಖಾನೆಯವರು ಎಂದು ತಿಳಿದ ಮೇಲೆ ಅವರ ಮುಂದೆ ಯಾರೂ ಕೂರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಒಬ್ಬರ ಕಣ್ಣು ಅಪ್ಪನ ಮಣಿಕಟ್ಟಿನ ಮೇಲೆ ಬಿತ್ತು. ಅವರ ಕೈಯಲ್ಲಿದ್ದದ್ದು ಕರೇರಾ. ಬಗ್ಗಿ ನೋಡಿದರು, ಕಲೆ ಕಂಡಿತು. ಎಷ್ಟು ಚೆನ್ನಾಗಿ ಮಾಗಿದೆ ಸರ್, ಕಾರ್ಖಾನೆಯ ಎಣ್ಣೆಯ ಗುರುತಿರಬೇಕು, ಇತಿಹಾಸವೇ ಇದೆ ಇದರಲ್ಲಿ ಎಂದರು. ಅವರ ದನಿ ದೇವಸ್ಥಾನದಲ್ಲಿದ್ದವರಂತೆ ತಗ್ಗಿತ್ತು.

"ಎಣ್ಣೆಯಲ್ಲ ಸ್ವಾಮಿ, ಸಾರು" ಎಂದರು ಅಪ್ಪ. "ನನ್ನ ತಂಗಿಯ ಮದುವೆಯಲ್ಲಿ ಬಡಿಸಲು ನಿಂತಿದ್ದೆ. ಕೈ ಬಕೆಟ್ಟಿನೊಳಗೆ ಹೋಯಿತು."

ಅವರಿಗೆ ಇನ್ನೂ ಇಷ್ಟವಾಯಿತು. ಏನು ಹೇಳುತ್ತೀರೋ ಹೇಳಿ, ಕೊಡುವುದಾದರೆ ಈಗಲೇ ತೆಗೆದುಕೊಳ್ಳುತ್ತೇನೆ ಎಂದರು. ನನ್ನ ಎದೆ ಧಸಕ್ಕೆಂದಿತು. ಅಪ್ಪ ವ್ಯವಹಾರದ ಮನುಷ್ಯ, ಕೊಟ್ಟರೂ ಕೊಟ್ಟಾರು. ಅವರು ವಾಚು ನೋಡಿದರು, ಕಿವಿಗೆ ಹಿಡಿದು ಕೇಳಿದರು, ಆಮೇಲೆ ತಿರುಗಿ ನನ್ನ ಪದ್ಮಿನಿಯ ಕಡೆ ನೋಡಿದರು.

"ಬಿಡಿಯಾಗಿ ಕೊಡುವುದಿಲ್ಲ. ಆ ಕಾರನ್ನೂ ಸೇರಿಸಿ ಒಯ್ಯುವುದಾದರೆ ಮಾತಾಡೋಣ. ಇವಳಿಗೆ ರಂಗೋಲಿ ಹಾಕಲು ಜಾಗವಾದರೂ ಆಗುತ್ತದೆ."

ಇವಳು ಎಂದರೆ ಅಮ್ಮ, ಹಿಂದಿನ ಸೀಟಿನಲ್ಲಿ ಕೂತಿದ್ದರು. ತಲೆಯಾಡಿಸಿದ್ದು ಕ್ಯಾಮೆರಾದಲ್ಲಿ ಸೆರೆಯಾಗಿದೆ.