ಒದ್ದೆ ಕಲ್ಲು, ಒಣ ಕಲ್ಲು

ಕೇಳುಗರಿಗೆ ನಮಸ್ಕಾರ.

ಹೊಳೆಯ ದಂಡೆಗೆ ಹೋಗಿ ಒಂದಾದರೂ ಕಲ್ಲು ಆರಿಸದೆ ಬಂದವರು ಕಡಿಮೆ, ಅಲ್ವಾ? ನೀರಿನೊಳಗೆ ಒಂದು ಕಲ್ಲು ಕೆಂಪಗೆ ಮಿಂಚುತ್ತಿರುತ್ತದೆ, ಇನ್ನೊಂದು ಜೇನಿನ ಬಣ್ಣದಲ್ಲಿ. ಜೇಬು ತುಂಬಿಸಿಕೊಂಡು ಮನೆಗೆ ಬರುತ್ತೇವೆ. ಮಾರನೇ ದಿನ ಜೇಬು ಕೊಡವಿ ನೋಡಿದರೆ ಎಲ್ಲವೂ ಬೂದುಬೂದು. ರಾತ್ರಿ ಯಾರೋ ಕಲ್ಲು ಬದಲಾಯಿಸಿಬಿಟ್ಟರೇನೋ ಅನ್ನಿಸುತ್ತದೆ. ಕಲ್ಲು ಅದೇ. ನೀರು ಆರಿದೆ, ಅಷ್ಟೆ.

ಹೊಳೆಗಲ್ಲಿನ ಮೈ ಕೈಗೆ ನುಣುಪಾಗಿದ್ದರೂ ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು, ಸಣ್ಣ ಗುಂಡಿ. ಬೆಳಕು ಅವಕ್ಕೆ ಬಡಿದು ದಿಕ್ಕಾಪಾಲಾಗುತ್ತದೆ. ಒಳಗಿನ ಬಣ್ಣ ಹೊರಗೆ ಕಾಣುವುದೇ ಇಲ್ಲ. ನೀರು ಆ ಗುಂಡಿಗಳನ್ನು ತುಂಬಿ ಮೈಯನ್ನು ಸಮ ಮಾಡುತ್ತದೆ, ಕಿಟಕಿ ತೆರೆದ ಹಾಗಾಗುತ್ತದೆ. ಹರಳಿಗೆ ಸಾಣೆ ಹಿಡಿಯುವುದು ಅಂದರೆ, ನನ್ನ ಲೆಕ್ಕದಲ್ಲಿ, ಕಲ್ಲಿಗೆ ಆರದ ಒದ್ದೆಯನ್ನು ಕೊಡುವುದು. ಕಲ್ಲು ಹುಡುಕುವ ಹುಚ್ಚಿನವರು ಸಿಕ್ಕಿದ್ದನ್ನೆಲ್ಲ ನೆಕ್ಕಿ ನೋಡುವುದೂ ಇದಕ್ಕೇ. ನಾನೂ ನೆಕ್ಕುತ್ತಿದ್ದೆ. ಕೆಲವು ಖನಿಜಗಳಲ್ಲಿ ಸೀಸ, ಆರ್ಸೆನಿಕ್ ಇರುತ್ತವೆ ಅಂತ ಗೊತ್ತಾದ ಮೇಲೆ ಒಂದು ಪುಟ್ಟ ಸ್ಪ್ರೇ ಬಾಟಲಿ ಇಟ್ಟುಕೊಂಡಿದ್ದೇನೆ.

ಸುಮ್ನೆ ದಂಡೆಯ ಮೇಲೆ ಕಣ್ಣಾಡಿಸುತ್ತ ಹೋದರೂ ಏನಾದರೂ ಸಿಗುತ್ತದೆ. ಹರಳೇ ಬೇಕು ಅಂದರೆ ಮಾತ್ರ ಹೊಳೆಯ ಬುದ್ಧಿ ಅರ್ಥ ಮಾಡಿಕೊಳ್ಳಬೇಕು. ಹೊಳೆ ಒಂದು ದೊಡ್ಡ ಮೊರ. ಹಗುರವಾದದ್ದನ್ನು ಮುಂದಕ್ಕೆ ಕೇರಿಬಿಡುತ್ತದೆ, ಭಾರದ್ದನ್ನು ಹಿಂದೆ ಉಳಿಸಿಕೊಳ್ಳುತ್ತದೆ. ಮಾಮೂಲಿ ಬೆಣಚುಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ 2.65 ಪಟ್ಟು ತೂಗುತ್ತದೆ. ಟೋಪಾಜ್ 3.5 ಪಟ್ಟು. ಮಾಣಿಕ್ಯ, ನೀಲ ಎರಡೂ 4 ಪಟ್ಟು. ಕೆಂಪು ಗಾರ್ನೆಟ್ ಕೂಡ 4ರ ಆಸುಪಾಸೇ. ಹಾಗಾಗಿ ನೀರಿನ ಸೆಳೆತ ಎಲ್ಲಿ ಸಡಿಲವಾಗುತ್ತದೋ ಅಲ್ಲಿ ಇವು ಕೂತುಬಿಡುತ್ತವೆ. ಹೊಳೆ ತಿರುಗುವ ಕಡೆ ಒಳಮಗ್ಗುಲು, ದೊಡ್ಡ ಬಂಡೆಯ ಬೆನ್ನ ಹಿಂದೆ, ಹಾಸುಬಂಡೆಯ ಸೀಳುಗಳಲ್ಲಿ. ಶ್ರೀಲಂಕಾದ ರತ್ನಪುರದ ಸುತ್ತ ಹಳೇ ಹೊಳೆಗಳು ಬಿಟ್ಟುಹೋದ ಇಂಥ ಜಲ್ಲಿಯ ಪದರ ನೆಲದಡಿ ಹೂತುಹೋಗಿದೆ. ಅಲ್ಲಿನವರು ಅದನ್ನು 'ಇಲ್ಲಂ' ಎನ್ನುತ್ತಾರೆ. ಬಾವಿಯಂಥ ಗುಂಡಿ ತೋಡಿ, ಜಲ್ಲಿ ಮೇಲೆತ್ತಿ, ಬುಟ್ಟಿಗೆ ತುಂಬಿ ನೀರಿನಲ್ಲಿ ಗರಗರ ತಿರುಗಿಸುತ್ತಾರೆ. ಮಣ್ಣು, ಹಗುರ ಕಲ್ಲು ಬುಟ್ಟಿಯ ಅಂಚು ದಾಟಿ ಹೋಗುತ್ತವೆ. ಉಳಿದದ್ದರಲ್ಲಿ ಹರಳು ಹುಡುಕುತ್ತಾರೆ.

ನಮ್ಮಂಥ ಹವ್ಯಾಸದವರಿಗೆ ಬುಟ್ಟಿಯ ಬದಲು ಜರಡಿ. ಎರಡು ಬೇಕು, ದೊಡ್ಡ ಕಣ್ಣಿನದು ಮೇಲೆ, ಸಣ್ಣ ಕಣ್ಣಿನದು ಕೆಳಗೆ. ಮೇಲಿನದರಲ್ಲಿ ಉಳಿದ ದಪ್ಪ ಕಲ್ಲನ್ನು ಒಮ್ಮೆ ನೋಡಿ ಎಸೆಯುತ್ತೇವೆ. ಕೆಳಗಿನ ಜರಡಿಯನ್ನು ನೀರಲ್ಲಿ ಅರ್ಧ ಮುಳುಗಿಸಿ ಮೇಲೆ ಕೆಳಗೆ ಕುಲುಕಬೇಕು, ನಡುನಡುವೆ ಒಂದಿಷ್ಟು ತಿರುವಬೇಕು. ತೋಳು ಸೋಲುತ್ತದೆ, ಬೆನ್ನು ನೋಯುತ್ತದೆ, ಬೆರಳು ನೀರಿನಲ್ಲಿ ನೆನೆದು ಸುಕ್ಕಾಗುತ್ತದೆ. ಕುಲುಕಿದಷ್ಟೂ ಭಾರದ ಕಲ್ಲು ಅಡಿಗೆ ಇಳಿಯುತ್ತದೆ, ನಡುವಿಗೆ ಸೇರುತ್ತದೆ. ಆಮೇಲೆ ಜರಡಿಯನ್ನು ಗೋಣಿಚೀಲದ ಮೇಲೆ ಒಂದೇ ಏಟಿಗೆ ಕವುಚಬೇಕು. ಅಡಿಯಲ್ಲಿದ್ದದ್ದು ಈಗ ಮೇಲೆ. ಬಿಳಿ ಜಲ್ಲಿಯ ನಡುವೆ ಅಂಗೈಯಗಲ ಕಪ್ಪು ಕೆಂಪು ಕಾಳುಗಳು ಗುಂಪಾಗಿ ಕಂಡವೋ, ಆ ದಿನ ಸಾರ್ಥಕ. ಕಾಣದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎರಡನೆಯದೇ ಜಾಸ್ತಿ, ಅದನ್ನೂ ಹೇಳಿಬಿಡುತ್ತೇನೆ.

ಜರಡಿ ಎತ್ತುವ ಮೊದಲು ನೆಲ ಯಾರದು ಅಂತ ಕೇಳಿಕೊಳ್ಳಿ. ಖಾಸಗಿ ಜಮೀನಾದರೆ ಒಡೆಯರ ಒಪ್ಪಿಗೆ ಬೇಕು. ರಕ್ಷಿತ ಕಾಡು, ರಾಷ್ಟ್ರೀಯ ಉದ್ಯಾನಗಳ ತಂಟೆಗೇ ಹೋಗಬೇಡಿ. ತೋಡಿದ ಗುಂಡಿಯನ್ನು ಮುಚ್ಚಿ ಬನ್ನಿ. ಹುಡುಕುವವರಿಗೆಂದೇ ತೆರೆದಿಟ್ಟ ಜಾಗಗಳೂ ಇವೆ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ ಕ್ರೇಟರ್ ಆಫ್ ಡೈಮಂಡ್ಸ್ ಅಂತ ಒಂದು ಉದ್ಯಾನವಿದೆ. 1906ರಲ್ಲಿ ಅಲ್ಲಿನ ಒಬ್ಬ ರೈತನಿಗೆ ತನ್ನ ಹೊಲದಲ್ಲೇ ವಜ್ರ ಸಿಕ್ಕಿತು. 1972ರಿಂದ ಅದು ಸರ್ಕಾರಿ ಉದ್ಯಾನ. 37 ಎಕರೆಯಷ್ಟು ಉತ್ತ ಹೊಲ. ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಹುಡುಕಬಹುದು, ಸಿಕ್ಕಿದ್ದು ಸಿಕ್ಕಿದವರಿಗೇ. ದೊಡ್ಡ ಮಳೆ ಬಂದು ಬಿಸಿಲು ಬಿದ್ದ ದಿನ ಅನುಭವಸ್ಥರು ಗುದ್ದಲಿ ಹಿಡಿಯುವುದೇ ಇಲ್ಲ. ಮಳೆ ಮಣ್ಣು ತೊಳೆದಿರುತ್ತದೆ. ತಲೆ ಬಗ್ಗಿಸಿ, ಮಿಂಚುವುದನ್ನು ನೋಡುತ್ತ ನಡೆಯುತ್ತಾರೆ.

ಮಿಂಚಿದ್ದೆಲ್ಲ ಹರಳಾಗುವುದಿಲ್ಲ, ಬಿಡಿ. ಕಾಗೆ ಬಂಗಾರ ನೋಡಿ ಎದೆ ಹೊಡೆದುಕೊಂಡವರ ಪೈಕಿ ನಾನೂ ಒಬ್ಬ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಒಂದು ಕೆಂಪು ಕಲ್ಲಿನಿಂದ. ಹುಣಸೆಬೀಜದಷ್ಟು ದಪ್ಪ, ಒಳಗೆಲ್ಲ ತಿಳಿ, ರಕ್ತದ ಬಣ್ಣ. ಗಾರ್ನೆಟ್ ಸಿಕ್ಕಿತು ಅಂತ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ. ಬಂದವರಿಗೆಲ್ಲ ತೋರಿಸಿದೆ. ನಾಲ್ಕು ತಿಂಗಳ ಮೇಲೆ ಸಾಣೆ ಹಿಡಿಯುವವರೊಬ್ಬರ ಕೈಗೆ ಕೊಟ್ಟೆ. ಅವರು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸನ್ನು ಕಣ್ಣಿಗೆ ಒತ್ತಿಕೊಂಡು ಎರಡು ಸೆಕೆಂಡ್ ನೋಡಿದರು. "ಗುಳ್ಳೆ ಇದೆ ಸಾರ್" ಅಂದರು. ನಾನೂ ನೋಡಿದೆ. ಗುಂಡಗಿನ ಗಾಳಿಗುಳ್ಳೆ, ಒಂದಲ್ಲ, ಮೂರು. ಯಾವುದೋ ಹಳೇ ಗಾಡಿಯ ಹಿಂದಿನ ದೀಪದ ಗಾಜು ಹೊಳೆಗೆ ಬಿದ್ದು, ಉರುಳಿ ಉರುಳಿ ನುಣ್ಣಗಾಗಿತ್ತು!

ಅವತ್ತಿನಿಂದ ಪರೀಕ್ಷೆ ಮಾಡದೆ ಯಾವ ಕಲ್ಲಿಗೂ ಹೆಸರಿಡುವುದಿಲ್ಲ. ಮೊದಲು ತುಟಿಯ ಕೆಳಗೋ ಕೆನ್ನೆಗೋ ಒತ್ತಿ ನೋಡುತ್ತೇನೆ. ಬೆಣಚುಕಲ್ಲು ನಮ್ಮ ಮೈಯ ಬಿಸಿಯನ್ನು ಗಾಜಿಗಿಂತ ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ಜಾಸ್ತಿ ತಣ್ಣಗನ್ನಿಸುತ್ತದೆ. ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೋಲರೈಸ್ಡ್ ತಂಪು ಕನ್ನಡಕವನ್ನು ಅದರ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿ. ಒಂದು ಕಡೆ ಪರದೆ ಕಪ್ಪಾಗುತ್ತದೆ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ತಿಳಿಯಾದ ಕಲ್ಲನ್ನು ಹಿಡಿದು ಒಂದು ಸುತ್ತು ತಿರುಗಿಸಿ. ಸ್ಫಟಿಕವಾದರೆ ಸಾಮಾನ್ಯವಾಗಿ ನಾಲ್ಕು ಸಲ ಬೆಳಗಿ ನಾಲ್ಕು ಸಲ ಆರುತ್ತದೆ. ಗಾಜು ಹಾಗೆ ಬೆಳಗಿ ಆರುವುದಿಲ್ಲ. ಆದರೆ ಗಾರ್ನೆಟ್ ಮತ್ತು ವಜ್ರ ಕೂಡ ಈ ಪರೀಕ್ಷೆಯಲ್ಲಿ ಗಾಜಿನ ಹಾಗೇ ನಡೆದುಕೊಳ್ಳುತ್ತವೆ. ಹಾಗಾಗಿ ನನ್ನ ಕೆಂಪು ಗಾಜಿಗೆ ಇದು ಉಪಯೋಗಕ್ಕೆ ಬರುತ್ತಿರಲಿಲ್ಲ, ಲೆನ್ಸೇ ಬೇಕಿತ್ತು.

ಇನ್ನು ಗಡಸುತನ. ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ಹತ್ತು ಖನಿಜಗಳನ್ನು ಸಾಲಾಗಿ ಜೋಡಿಸಿದ. ಯಾವುದು ಯಾವುದನ್ನು ಗೀರುತ್ತದೆ ಅನ್ನುವ ಸಾಲು ಅದು. ಟಾಲ್ಕ್ 1, ಬೆಣಚು 7, ಟೋಪಾಜ್ 8, ಮಾಣಿಕ್ಯ ಮತ್ತು ನೀಲ 9, ವಜ್ರ 10. ಇದರಲ್ಲಿ 7 ಬಹಳ ಮುಖ್ಯ. ಮನೆಯ ದೂಳಿನಲ್ಲಿ ಬೆಣಚಿನ ಪುಡಿ ಇದ್ದೇ ಇರುತ್ತದೆ. ಅದಕ್ಕಿಂತ ಮೆತ್ತಗಿನ ಹರಳನ್ನು ಉಂಗುರಕ್ಕೆ ಹಾಕಿಸಿ ದಿನಾ ಬಟ್ಟೆಯಲ್ಲಿ ಒರೆಸುತ್ತ ಹೋದರೆ, ಒರೆಸಿ ಒರೆಸಿಯೇ ಅದರ ಹೊಳಪು ಕಳೆಯುತ್ತೇವೆ. ಫ್ಲೋರೈಟ್ ನೋಡಲು ಎಷ್ಟೇ ಚೆಂದವಿರಲಿ, ಗಡಸು 4. ಅದನ್ನು ಡಬ್ಬಿಯಲ್ಲಿಟ್ಟು ನೋಡಿ, ಸಾಕು.

ಹರಳು ಅಂತ ಖಾತ್ರಿಯಾಯಿತು ಅನ್ನಿ. ಸಾಣೆಗೆ ಕೊಡುವಾಗ ಎರಡು ದಾರಿ. ತಿಳಿಯಿಲ್ಲದ ಕಲ್ಲು, ಅಗೇಟಿನಂಥ ಪಟ್ಟೆಯ ಕಲ್ಲು, ನಕ್ಷತ್ರ ತೋರಿಸುವ ಕಲ್ಲು ಇವಕ್ಕೆಲ್ಲ ಗುಮ್ಮಟದ ಹಾಗೆ ಉಬ್ಬಿದ ಆಕಾರ ಕೊಡುತ್ತಾರೆ. ಕ್ಯಾಬಷಾನ್ ಅನ್ನುವುದು ಇದಕ್ಕೇ. ತಿಳಿಯಾದ ಕಲ್ಲಿಗೆ ಮುಖಗಳನ್ನು ಕೊಡುತ್ತಾರೆ. ಕಡ್ಡಿಯ ತುದಿಗೆ ಅರಗಿನಿಂದ ಕಲ್ಲನ್ನು ಅಂಟಿಸಿ, ತಿರುಗುವ ತಟ್ಟೆಗೆ ಒತ್ತುತ್ತಾರೆ. ಎಷ್ಟು ಓರೆ ಅನ್ನುವುದನ್ನು ಕೋನಮಾಪಕ ಹೇಳುತ್ತದೆ. ಯಾವ ದಿಕ್ಕು ಅನ್ನುವುದನ್ನು ಹಲ್ಲಿನ ಚಕ್ರ ಹೇಳುತ್ತದೆ, ಸಾಮಾನ್ಯವಾಗಿ ಅದಕ್ಕೆ 96 ಹಲ್ಲು. ಮೊದಲು ಒರಟು ತಟ್ಟೆ, ಆಮೇಲೆ ನಯ, ಇನ್ನೂ ನಯ, ಕೊನೆಗೆ ಹೊಳಪು. ಬೆಣಚಿಗೆ ಹೊಳಪು ಕೊಡಲು ಸೀರಿಯಂ ಆಕ್ಸೈಡ್ ಪುಡಿ ಬಳಸುತ್ತಾರೆ. ಉದ್ದಕ್ಕೂ ನೀರು ತೊಟ್ಟಿಕ್ಕುತ್ತಿರಬೇಕು. ಒಣದಾಗಿ ಉಜ್ಜಿದರೆ ಬೆಣಚಿನ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ಮದ್ದಿಲ್ಲ.

ಕೋನದ ಮಾತು ಬಂತಲ್ಲ, ಅದರಲ್ಲೇ ಎಲ್ಲ ಇದೆ. ಮೇಲಿನಿಂದ ಒಳಹೊಕ್ಕ ಬೆಳಕು ಕೆಳಗಿನ ಮುಖಗಳಿಗೆ ಬಡಿದು ವಾಪಸ್ ಕಣ್ಣಿಗೆ ಬರಬೇಕು. ಬೆಣಚುಕಲ್ಲಿನಲ್ಲಿ ಆ ಕೆಳಮುಖಗಳ ಓರೆ ಸುಮಾರು 41 ಡಿಗ್ರಿಗಿಂತ ಕಡಿಮೆಯಾದರೆ ಬೆಳಕು ತೂತು ಮಡಕೆಯ ನೀರಿನ ಹಾಗೆ ಕೆಳಗೆ ಸೋರಿಹೋಗುತ್ತದೆ. ಸಾಣೆಯಿಂದ ಬಂದ ಹರಳನ್ನು ಪತ್ರಿಕೆಯ ಅಕ್ಷರದ ಮೇಲಿಟ್ಟು ನೋಡಿ. ನಡುವೆ ಅಕ್ಷರ ಓದಲು ಬಂದರೆ ಕಲ್ಲು ಸೋರುತ್ತಿದೆ ಅಂತಲೇ ಅರ್ಥ. ತೂಕ ಉಳಿಸಲು ಚಪ್ಪಟೆ ಮಾಡಿದ ಹರಳುಗಳಲ್ಲಿ ಇದು ಮಾಮೂಲಿ.

ತೂಕದ ಆಸೆ ನನಗೂ ಇತ್ತು. ಒಮ್ಮೆ ನೇರಳೆ ಸ್ಫಟಿಕ ಸಿಕ್ಕಿತು, ಅಮೆಥಿಸ್ಟ್. ಹೆಬ್ಬೆರಳಿನ ತುದಿಯಷ್ಟು, 12 ಗ್ರಾಂ, ಅಂದರೆ 60 ಕ್ಯಾರೆಟ್. ಅದನ್ನೂ ಅದೇ ಸಾಣೆಯವರಿಗೆ ಕೊಟ್ಟೆ. ತಿಂಗಳ ಮೇಲೆ ಪುಟ್ಟ ಪೊಟ್ಟಣ ಬಂತು. 13 ಕ್ಯಾರೆಟ್! ಮಿಕ್ಕ 47 ಎಲ್ಲಿ ಹೋಯಿತು? ಮೋಸ ಹೋದೆ ಅಂತಲೇ ಅಂದುಕೊಂಡು ಕೇಳಲು ಹೋದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬೇರೆ ಯಾವುದೋ ಕಚ್ಚಾ ಅಮೆಥಿಸ್ಟನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ದೀಪಕ್ಕೆ ಹಿಡಿದರು. ಹೊರಗೆ ಪೂರ್ತಿ ನೇರಳೆಯಾಗಿ ಕಾಣುತ್ತಿದ್ದ ಕಲ್ಲು ನೀರಿನಲ್ಲಿ ಗುಟ್ಟು ಬಿಟ್ಟುಕೊಟ್ಟಿತು. ಬಣ್ಣವೆಲ್ಲ ತುದಿಯಲ್ಲಿ ಒಂದು ಗೀಟಿನಷ್ಟು. ಉಳಿದದ್ದು ಬರೀ ನೀರಿನ ಬಣ್ಣ. "ನಿಮ್ಮದೂ ಹೀಗೇ ಇತ್ತು. ಈ ಬಣ್ಣವನ್ನು ಹರಳಿನ ಕೆಳತುದಿಗೆ ತಂದು ಕೂರಿಸಿದ್ದೇನೆ, ಅದಕ್ಕೆ ಅಷ್ಟು ಕಳೆಯಬೇಕಾಯಿತು" ಅಂದರು. ನನ್ನ ಹರಳನ್ನು ಮಗ್ಗುಲಿನಿಂದ ನೋಡಿದೆ. ಹೌದು, ಕೆಳತುದಿಯಲ್ಲಿ ಮಾತ್ರ ಕಡು ನೇರಳೆ. ಮೇಲಿನಿಂದ ನೋಡಿದೆ. ಅಂಚಿನಿಂದ ಅಂಚಿಗೆ ನೇರಳೆ. ಕೆಳಮುಖಗಳು ಆ ಒಂದು ಚುಕ್ಕೆಯನ್ನು ಹಿಡಿದು ಇಡೀ ಹರಳಿಗೆ ಹಂಚುತ್ತಿದ್ದವು.

ಅಲ್ಲಿಂದ ನಾನು ತೂಕ ಕೇಳುವುದು ಬಿಟ್ಟೆ. ದೊಡ್ಡ ದೊಡ್ಡ ವಜ್ರಗಳ ಕಥೆಯೂ ಇದೇ. ಅರ್ಕಾನ್ಸಾಸಿನ ಅದೇ ನೆಲದಲ್ಲಿ 1924ರಲ್ಲಿ ಸಿಕ್ಕ 'ಅಂಕಲ್ ಸ್ಯಾಮ್' ವಜ್ರ 40.23 ಕ್ಯಾರೆಟ್ ಇತ್ತು, ಸಾಣೆಯ ಮೇಲೆ ಉಳಿದದ್ದು 12.42. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಕಲಿನನ್ 3,106 ಕ್ಯಾರೆಟ್. ಅದರಿಂದ ಒಂಬತ್ತು ದೊಡ್ಡ ಹರಳು, ಒಂದಷ್ಟು ಸಣ್ಣವು ಬಂದವು. ಎಲ್ಲ ಸೇರಿಸಿದರೂ ಮೂರನೇ ಒಂದು ಭಾಗದಷ್ಟೇ.

ಸಾಣೆ ಕೆಲಸ ನಾನೇ ಕಲಿಯುತ್ತೇನೆ ಅಂತ ಅವರ ಪಕ್ಕದಲ್ಲಿ ಕೂತದ್ದೂ ಉಂಟು. ಒಂದು ಟೋಪಾಜ್ ಹಿಡಿದೆ. ಮೇಲಿನ ದೊಡ್ಡ ಮುಖಕ್ಕೆ ಎರಡು ಸಂಜೆ ಉಜ್ಜಿದೆ, ಹೊಳಪು ಬರಲೊಲ್ಲದು. ಉಜ್ಜಿದಷ್ಟೂ ಒರಟು. ಟೋಪಾಜಿನಲ್ಲಿ ಒಂದು ದಿಕ್ಕಿಗೆ ಸೀಳುವ ಗುಣವಿದೆ, ಸೌದೆಗೆ ಎಳೆ ಇದ್ದ ಹಾಗೆ. ಆ ಸೀಳಿಗೆ ಸರಿಯಾಗಿ ಮುಖ ಕೊಟ್ಟರೆ ಹೊಳಪು ಏರುವುದಿಲ್ಲ. ಐದಾರು ಡಿಗ್ರಿ ವಾಲಿಸಬೇಕು. ನಾನು ನೇರ ಅದರ ಮೇಲೇ ಕೂರಿಸಿದ್ದೆ. ತಪ್ಪು ಗೊತ್ತಾಗಿ, ವಾಲಿಸಿ, ಮತ್ತೆ ಉಜ್ಜಿ, ಎಲ್ಲ ಮುಗಿಸಿ, ಅರಗಿನಿಂದ ಬಿಡಿಸಲು ಮೆಲ್ಲಗೆ ತಟ್ಟಿದೆ. ಟಕ್ ಅಂತ ಎರಡಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಟ್ಟಬಾರದು, ಅರಗನ್ನು ಬಿಸಿ ಮಾಡಿ ಬಿಡಿಸಬೇಕು ಅಂತ ಅವರು ಮೊದಲೇ ಹೇಳಿದ್ದರು, ನಾನೇ ಮರೆತಿದ್ದೆ. ಆ ಎರಡು ಹೋಳು ಇನ್ನೂ ಇವೆ. ಸೀಳಿದ ಮೈ ಕನ್ನಡಿಯ ಹಾಗಿದೆ, ನಾನು ಉಜ್ಜಿದ ಯಾವ ಮುಖಕ್ಕಿಂತಲೂ ನುಣುಪು.

ಈಗ ನನ್ನ ಕಿಟಕಿಯ ಹತ್ತಿರ ಒಂದು ಗಾಜಿನ ಲೋಟವಿದೆ. ಅದರಲ್ಲಿ ನೀರು, ನೀರಿನಲ್ಲಿ ಹೊಗೆ ಬಣ್ಣದ ಒಂದು ಸ್ಫಟಿಕ. ನಡುವೆ ಓರೆಯಾಗಿ ಒಂದು ಬಿರುಕು ಹೋಗಿದೆ. ಬಿರುಕಿನ ಆ ಕಡೆ ಇಟ್ಟುಕೊಂಡರೆ ಬಣ್ಣ ಹೋಗುತ್ತದೆ, ಈ ಕಡೆ ಇಟ್ಟುಕೊಂಡರೆ ಗಾತ್ರ ಹೋಗುತ್ತದೆ. ಸಾಣೆಯವರು ಸಿಕ್ಕಾಗಲೆಲ್ಲ ಕೇಳುತ್ತಾರೆ, ತಂದಿರಾ ಅಂತ. ಎರಡು ವರ್ಷವಾಯಿತು. ಬೆಳಗ್ಗೆ ಬಿಸಿಲು ಬಿದ್ದಾಗ ಲೋಟವನ್ನು ಒಂದಿಷ್ಟು ತಿರುಗಿಸಿ ನೋಡುತ್ತೇನೆ. ನೀರು ಇಳಿದಿದ್ದರೆ ತುಂಬಿಸುತ್ತೇನೆ.

ನಮಸ್ಕಾರ.