ರೀಸ್ಟಾರ್ಟ್ ಬೇಡ, ರೀಲೋಡ್ ಮಾಡಿ

ಕೇಳುಗರಿಗೆಲ್ಲ ನಮಸ್ಕಾರ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಕಡೆ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗಳ ಸರ್ವರ್ ನೋಡಿಕೊಳ್ಳುವವರು ಈಗ ಸುಮಾರು ಜನ ಇದ್ದಾರೆ. ಇವತ್ತಿನ ಮಾತು ಹೆಚ್ಚಾಗಿ ಅವರಿಗೆ. ಹೋಂಸ್ಟೇ ನಡೆಸುವವರೂ ಕೇಳಿ. ಲಾಂಗ್ ವೀಕೆಂಡ್‌ಗೆ ಬುಕ್ ಮಾಡುವ ಅತಿಥಿಯ ಪೇಮೆಂಟ್ ಒಮ್ಮೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ ಅಲ್ವಾ? ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಇಲ್ಲಿದೆ.

ದೊಡ್ಡ ವೆಬ್‌ಸೈಟ್ ಒಂದೇ ಕಂಪ್ಯೂಟರ್‌ನಲ್ಲಿ ಓಡುವುದಿಲ್ಲ. ಹಿಂದೆ ಹಲವು ಸರ್ವರ್‌ಗಳಿರುತ್ತವೆ. ಬಂದವರನ್ನು ಅವುಗಳಿಗೆ ಹಂಚಲು ಮುಂದೆ ಒಂದು ಲೋಡ್ ಬ್ಯಾಲೆನ್ಸರ್ ಇರುತ್ತದೆ. ವಿಲಿ ಟಾರೋ ಶುರು ಮಾಡಿದ ಎಚ್‌ಎ ಪ್ರಾಕ್ಸಿ, ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್, ಎರಡೂ ಈ ಕೆಲಸಕ್ಕೆ ಹೆಸರಾದವು. ಯಾವ ಸರ್ವರ್‌ಗೆ ಯಾರನ್ನು ಕಳಿಸಬೇಕು ಅನ್ನುವುದು ಕಾನ್ಫಿಗ್ ಫೈಲ್‌ನಲ್ಲಿ ಬರೆದಿರುತ್ತದೆ. ಶುರುವಾಗುವಾಗ ಅದನ್ನು ಓದಿಕೊಂಡರೆ ಮುಗಿಯಿತು. ಆಮೇಲೆ ನೀವು ಫೈಲ್ ತಿದ್ದಿದರೂ ಓಡುತ್ತಿರುವ ಪ್ರೋಗ್ರಾಂಗೆ ಅದು ಗೊತ್ತಾಗುವುದಿಲ್ಲ.

ಹಾಗಾಗಿ ಜನ ರೀಸ್ಟಾರ್ಟ್ ಒತ್ತುತ್ತಾರೆ. ಪ್ರೋಗ್ರಾಂ ಸತ್ತು ಮತ್ತೆ ಹುಟ್ಟುತ್ತದೆ. ಆ ಒಂದೆರಡು ಸೆಕೆಂಡಿನಲ್ಲಿ ಹಣ ಕಟ್ಟುತ್ತಿದ್ದವರ ಸಂಪರ್ಕ ಕಡಿದುಹೋಗುತ್ತದೆ. ಮದುವೆ ಮನೆಯಲ್ಲಿ ಬಡಿಸುವವರು ಬದಲಾದರು ಅಂತ ಪಂಕ್ತಿಯಲ್ಲಿ ಕೂತವರನ್ನು ಎಲೆ ಮುಂದಿನಿಂದ ಎಬ್ಬಿಸುತ್ತಾರಾ? ಕೂತವರ ಊಟ ಮುಗಿಯಲಿ, ಹೊಸಬರನ್ನು ಹೊಸ ಪಂಕ್ತಿಯಲ್ಲಿ ಕೂರಿಸಿ ಅನ್ನುತ್ತಾರೆ. ರೀಲೋಡ್ ಮಾಡುವುದೂ ಇಷ್ಟೇ. ಓಡುತ್ತಿರುವ ಪ್ರೋಗ್ರಾಂಗೆ ಪ್ರೋಸೆಸ್ ಅನ್ನುತ್ತಾರೆ. ಎಂಜಿನ್‌ಎಕ್ಸ್‌ನಲ್ಲಿ ಮೇಸ್ತ್ರಿಯಂಥ ಮಾಸ್ಟರ್ ಪ್ರೋಸೆಸ್ ಹೊಸ ಫೈಲ್ ಓದಿ, ಸರಿ ಇದ್ದರೆ ಬಂದವರನ್ನು ನೋಡಿಕೊಳ್ಳುವ ಹೊಸ ವರ್ಕರ್ ಪ್ರೋಸೆಸ್‌ಗಳನ್ನು ಎಬ್ಬಿಸುತ್ತದೆ. ಹಳೆಯ ವರ್ಕರ್‌ಗಳು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಕೈಯಲ್ಲಿರುವ ಕೆಲಸ ಮುಗಿಸಿ ಹೊರಡುತ್ತವೆ. ಫೈಲ್ ತಪ್ಪಿದ್ದರೆ ಏನೂ ಬದಲಾಗದೆ ಹಳೆಯದೇ ಓಡುತ್ತಿರುತ್ತದೆ.

ಎಚ್‌ಎ ಪ್ರಾಕ್ಸಿಯಲ್ಲಿ ಇದು ಇಷ್ಟು ಸಲೀಸಾಗಿರಲಿಲ್ಲ. 2013ರಲ್ಲಿ ಬಂದ ಲಿನಕ್ಸ್ 3.9ರಿಂದ ಹಳೆಯದು, ಹೊಸದು ಎರಡೂ ಪ್ರೋಸೆಸ್‌ಗಳು ಒಂದೇ ಪೋರ್ಟ್‌ನಲ್ಲಿ, ಅಂದರೆ ಸಂಪರ್ಕ ಬರುವ ಒಂದೇ ನಂಬರ್‌ನಲ್ಲಿ, ಕಾಯಬಹುದಾಯಿತು. ಆದರೆ ಎರಡಕ್ಕೂ ಬೇರೆ ಬೇರೆ ಸಾಲು. ಹಳೆಯದು ತನ್ನ ಸಾಕೆಟ್, ಅಂದರೆ ಸಂಪರ್ಕ ಒಳಬರುವ ಬಾಗಿಲು, ಮುಚ್ಚುವ ಗಳಿಗೆಯಲ್ಲಿ ಅದರ ಸಾಲಿನಲ್ಲಿದ್ದ ಕೆಲವರು ಸುಮ್ನೆ ಬಿದ್ದುಹೋಗುತ್ತಿದ್ದರು. ಬಿದ್ದವರು ಕಡಿಮೆಯೇ. ಆದರೆ ದಿನಕ್ಕೆ ಹತ್ತಾರು ಸಲ ರೀಲೋಡ್ ಮಾಡುವ ಕಡೆ ಅದೂ ಲೆಕ್ಕಕ್ಕೆ ಬರುತ್ತದೆ. 2017ರ ನವೆಂಬರ್‌ನಲ್ಲಿ ಬಂದ ಎಚ್‌ಎ ಪ್ರಾಕ್ಸಿಯ 1.8ನೇ ಆವೃತ್ತಿಯಲ್ಲಿ ಹಳೆಯ ಪ್ರೋಸೆಸ್ ತನ್ನ ತೆರೆದ ಸಾಕೆಟ್‌ನ್ನೇ ಹೊಸದರ ಕೈಗೆ ಕೊಡುವ ವ್ಯವಸ್ಥೆ ಬಂತು. ಸಾಕೆಟ್ ಮುಚ್ಚುವುದೇ ಇಲ್ಲ, ಸಾಲೂ ಕಳೆದುಹೋಗುವುದಿಲ್ಲ. ನನ್ನ ಪ್ರಕಾರ ಇಷ್ಟು ಅಚ್ಚುಕಟ್ಟಾದ ಪರಿಹಾರ ಈ ಕ್ಷೇತ್ರದಲ್ಲಿ ಅಪರೂಪ.

ಈಗ ನಮ್ಮ ಊರಿನ ತೊಂದರೆಗೆ ಬರೋಣ. ಆಷಾಢದ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ, ಅದರ ಹಿಂದೆ ನೆಟ್‌ವರ್ಕ್ ಯಾವಾಗ ಹೋಗುತ್ತದೋ ಹೇಳಲಾಗದು. ಫೈಲ್ ಅರ್ಧ ತಿದ್ದಿ ಸೇವ್ ಮಾಡಿದ್ದೀರಿ, ಅಷ್ಟರಲ್ಲಿ ಸಂಪರ್ಕ ಹೋಯಿತು ಅಂದುಕೊಳ್ಳಿ. ವೆಬ್‌ಸೈಟ್ ಚೆನ್ನಾಗಿಯೇ ಓಡುತ್ತಿದೆ, ಯಾಕೆಂದರೆ ಹಳೆಯ ಕಾನ್ಫಿಗ್ ಮೆಮೊರಿಯಲ್ಲಿದೆ. ಡಿಸ್ಕ್‌ನಲ್ಲಿರುವುದು ಮಾತ್ರ ಮುರಿದ ಫೈಲ್. ತಿಂಗಳು ಬಿಟ್ಟು ಬೇರೆ ಯಾವುದೋ ಕಾರಣಕ್ಕೆ ಸರ್ವರ್ ರೀಬೂಟ್ ಆದಾಗ ಲೋಡ್ ಬ್ಯಾಲೆನ್ಸರ್ ಏಳುವುದೇ ಇಲ್ಲ. ಆಗ ಬೈಸಿಕೊಳ್ಳುವವರು ಅವತ್ತು ಡ್ಯೂಟಿಯಲ್ಲಿದ್ದ ಪಾಪದವರು! ಅದಕ್ಕೇ ತಿದ್ದುವ ಕೆಲಸ ಒಂದು ಪ್ರತಿಯಲ್ಲಿ ನಡೆಯಲಿ. ಪರೀಕ್ಷೆ ಪಾಸಾದ ಮೇಲೆ ಅದು ಅಸಲಿ ಫೈಲ್‌ನ ಜಾಗಕ್ಕೆ ಹೋಗಲಿ, ಕೂಡಲೇ ರೀಲೋಡ್ ಆಗಲಿ.

ಪರೀಕ್ಷೆ ಸುಲಭ. ಆದೇಶದ ಜೊತೆ ಎಂಜಿನ್‌ಎಕ್ಸ್‌ಗೆ ಮೈನಸ್ ಟಿ, ಎಚ್‌ಎ ಪ್ರಾಕ್ಸಿಗೆ ಮೈನಸ್ ಸಿ ಅಂತ ಸೇರಿಸಿದರೆ ಆಯಿತು. ಆದರೆ ಪಾಸಾಯಿತು ಅಂದರೆ ಬರವಣಿಗೆ ಸರಿ ಇದೆ ಅಂತ ಅಷ್ಟೇ. ಹಿಂಬದಿಯ ಸರ್ವರ್‌ನ ಪೋರ್ಟ್ ನಂಬರ್ ತಪ್ಪಿದ್ದರೆ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ. ರೀಲೋಡ್ ಆದ ಮೇಲೆ ಒಂದೆರಡು ನಿಮಿಷ ಲಾಗ್, ಅಂದರೆ ಪ್ರೋಗ್ರಾಂ ಬರೆದಿಡುವ ದಾಖಲೆ, ನೋಡುತ್ತಾ ಕೂರಲೇಬೇಕು.

ಎಚ್‌ಎ ಪ್ರಾಕ್ಸಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೊಸ ಪ್ರೋಸೆಸ್ ಶುರುವಾದಾಗ, ಬೇರೆ ಹೇಳದಿದ್ದರೆ, ಹಿಂಬದಿಯ ಎಲ್ಲ ಸರ್ವರ್‌ಗಳೂ ಬದುಕಿವೆ ಅಂತ ನಂಬಿಕೊಳ್ಳುತ್ತದೆ. ಮೊದಲೇ ಸತ್ತಿದ್ದ ಸರ್ವರ್‌ಗೂ ಕೆಲ ಹೊತ್ತು ಜನರನ್ನು ಕಳಿಸಿಬಿಡುತ್ತದೆ. ಸರ್ವರ್‌ಗಳ ಸ್ಥಿತಿಯನ್ನು ಒಂದು ಫೈಲ್‌ಗೆ ಬರೆದಿಟ್ಟು, ಹೊಸದು ಅದನ್ನು ಓದುವಂತೆ ಮಾಡಬಹುದು. ಒಂದೇ ಒಂದು ಸರ್ವರ್‌ನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕಾದರೆ ರೀಲೋಡ್ ಯಾಕೆ ಬೇಕು? ಓಡುತ್ತಿರುವಾಗಲೇ ಆದೇಶ ಕೊಡಲು ಇರುವ ಅಡ್ಮಿನ್ ಸಾಕೆಟ್ ಮೂಲಕ, ಹೊಸಬರನ್ನು ಕಳಿಸದ ಡ್ರೇನ್ ಸ್ಥಿತಿಗೆ ಹಾಕಿದರೆ ಸಾಕು.

ಚಾಟ್, ಲೈವ್ ದರ ತೋರಿಸುವ ಪುಟಗಳಿದ್ದರೆ ಸಂಪರ್ಕಗಳು ಗಂಟೆಗಟ್ಟಲೆ ತೆರೆದಿರುತ್ತವೆ. ಅವು ಮುಗಿಯುವ ತನಕ ಹಳೆಯ ವರ್ಕರ್‌ಗಳೂ ಹೋಗುವುದಿಲ್ಲ. ಹತ್ತು ಸಲ ರೀಲೋಡ್ ಮಾಡಿದರೆ ಹತ್ತು ತಲೆಮಾರು ಮೆಮೊರಿಯಲ್ಲಿ ಕೂತಿರುತ್ತವೆ. ಇದಕ್ಕೊಂದು ಗಡುವು ಇಡಬೇಕು. ಎಚ್‌ಎ ಪ್ರಾಕ್ಸಿಯಲ್ಲಿ ಹಾರ್ಡ್ ಸ್ಟಾಪ್ ಆಫ್ಟರ್, ಎಂಜಿನ್‌ಎಕ್ಸ್‌ನಲ್ಲಿ ವರ್ಕರ್ ಶಟ್‌ಡೌನ್ ಟೈಮ್‌ಔಟ್. ನೀವಾಗಿ ಬರೆಯದಿದ್ದರೆ ಗಡುವೇ ಇರುವುದಿಲ್ಲ. ಗಡುವು ಎಷ್ಟು ಅನ್ನುವುದು ನಿಮ್ಮ ಬಳಕೆದಾರರನ್ನು ನೋಡಿ ತೀರ್ಮಾನಿಸುವ ವಿಷಯ. ಪೇಮೆಂಟ್ ಪುಟಕ್ಕೆ ಕೆಲವು ನಿಮಿಷ ಧಾರಾಳ ಸಾಕು.

ಫೈಲ್ ಮುಟ್ಟದಿದ್ದರೂ ರೀಲೋಡ್ ಬೇಕಾಗುವ ಸಂದರ್ಭ ಒಂದಿದೆ, ಅದು ಸರ್ಟಿಫಿಕೇಟ್, ಅಂದರೆ ಇದು ಅಸಲಿ ವೆಬ್‌ಸೈಟೇ ಅಂತ ಬ್ರೌಸರ್‌ಗೆ ತೋರಿಸುವ ಗುರುತುಪತ್ರ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ಸಾಮಾನ್ಯ ಸರ್ಟಿಫಿಕೇಟ್‌ಗೆ 90 ದಿನ ಆಯಸ್ಸು. ಅದನ್ನು ನವೀಕರಿಸುವ ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ತಾನೇ ಹೊಸದನ್ನು ತಂದು ಡಿಸ್ಕ್‌ನಲ್ಲಿ ಇಡುತ್ತದೆ. ಎಂಜಿನ್‌ಎಕ್ಸ್ ಮಾತ್ರ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಹೊಸದು ಬಂದ ಕೂಡಲೇ ನಡೆಯಬೇಕಾದ್ದನ್ನು ಬರೆಯುವ ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್‌ನಲ್ಲಿ ರೀಲೋಡ್ ಆದೇಶ ಬರೆದಿದೆಯಾ? ಈ ಮಾತು ಕೇಳಿದ ಮೇಲೆ ಕರೆಂಟ್ ಇದ್ದರೆ ಒಮ್ಮೆ ನೋಡಿಬಿಡಿ. ನಮಸ್ಕಾರ.