ಮುಖ ಬಿಡಿ, ಹಿಂದುಗಡೆ ತೋರಿಸಿ

ನಮಸ್ಕಾರ ಮಾರಾಯ್ರೆ. ಇವತ್ತು ನಮ್ಮ ಮಂಗಳೂರಿನ ಶೋರೂಮ್‌ಗಳಲ್ಲಿ ಸಿಗದ ಒಂದು ಗಾಡಿಯ ಮಾತು. ಅಮೆರಿಕದ ಪಿಕಪ್ ಫೋರ್ಡ್ ಎಫ್-150.

ಇದು ಸೇರಿದ ಎಫ್-ಸೀರೀಸ್ ಶುರುವಾದದ್ದು 1948ರಲ್ಲಿ. 1977ರಿಂದ ಅಮೆರಿಕದಲ್ಲಿ ಜಾಸ್ತಿ ಮಾರಾಟವಾಗುವ ಪಿಕಪ್ ಇದೇ. 2021ರಲ್ಲಿ ಎಫ್-150ರ ಹೊಸ ಮಾಡೆಲ್ ಬಂತು, 2024ಕ್ಕೆ ಅದಕ್ಕೊಂದು ಫೇಸ್‌ಲಿಫ್ಟ್. ಗ್ರಿಲ್ ಬದಲಾಯಿತು, ಹೆಡ್‌ಲೈಟ್ ಬದಲಾಯಿತು, ಅಗ್ಗದ ಮಾಡೆಲ್‌ಗೂ 12 ಇಂಚಿನ ಸ್ಕ್ರೀನ್ ಬಂತು. ಹಳೆಯ 3.3 ಲೀಟರ್ ಎಂಜಿನ್ ಹೋಗಿ 2.7 ಲೀಟರ್ ಟರ್ಬೋ ಬಂತು. ಇದೆಲ್ಲ ಇರುವುದೇ ಬಿಡಿ.

ನನ್ನ ಕಣ್ಣು ಹೋದದ್ದು ಹಿಂದಿನ ಬಾಗಿಲಿಗೆ. ಆ ದೊಡ್ಡ ಬಾಗಿಲಿನ ನಡುವೆ ಇನ್ನೊಂದು ಸಣ್ಣ ಬಾಗಿಲು ಇಟ್ಟಿದ್ದಾರೆ, ನಮ್ಮ ಮನೆ ಬಾಗಿಲಿನ ಹಾಗೆ ಪಕ್ಕಕ್ಕೆ ತೆರೆಯುತ್ತದೆ. 37, 70, 100 ಡಿಗ್ರಿ, ಮೂರು ಕಡೆ ನಿಲ್ಲುತ್ತದೆ. ಹಿಂದೆ ಟ್ರೈಲರ್ ಸಿಕ್ಕಿಸಿದ್ದರೂ ತೆರೆಯಬಹುದು. ದುಡ್ಡು ಬೇರೆ ಕೊಡಬೇಕು, ಅದು ಹೌದು. ಆದರೆ ಇದನ್ನು ಮಾಡಿದವರು ಒಂದು ದಿನವಾದರೂ ಲೋಡ್ ಇಳಿಸಿದ್ದಾರೆ ಅನಿಸುತ್ತದೆ.

ಬೆಳಿಗ್ಗೆ ನಮ್ಮ ದಕ್ಕೆಗೆ, ಅಂದರೆ ಮೀನಿನ ಬಂದರಿಗೆ, ಹೋಗಿ ನೋಡಿ. ಬಂಗುಡೆ, ಬೂತಾಯಿಯ ಕ್ರೇಟ್ ಇಳಿಸುವವರು ತೆರೆದ ಬಾಗಿಲ ಮೇಲೆ ಹೊಟ್ಟೆ ಊರಿ, ಕೈ ಚಾಚಿ ಒಳಗಿನದ್ದನ್ನು ಎಳೆಯುತ್ತಾರೆ. ಐಸ್ ನೀರು ಅಂಗಿಯೊಳಗೆ. ಸುಮ್ನೆ ಹೇಳುವುದಲ್ಲ, ನಾನೂ ಎಳೆದಿದ್ದೇನೆ. ಮಾವನ ಪಿಕಪ್‌ನಲ್ಲಿ.

ಆ ಗಾಡಿಯ ಹಿಂದಿನ ಚಿಲಕಕ್ಕೆ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ಕೈಯಲ್ಲಿ ತೆಗೆಯಲು ಆಗುತ್ತಿರಲಿಲ್ಲ. ಮಾವ ಸೀಟಿನಡಿ ಒಂದು ಕಪ್ಪು ಕಲ್ಲು ಇಟ್ಟಿದ್ದರು, ತೆಂಗಿನಕಾಯಿಯಷ್ಟು ದೊಡ್ಡದು. ಕೆಳಗಿನಿಂದ ಎರಡು ಪೆಟ್ಟು ಕೊಟ್ಟರೆ ಚಿಲಕ ಬಿಡುತ್ತಿತ್ತು. ಮೂರನೆಯದು ಹೆಬ್ಬೆರಳಿಗೆ.

ಎಫ್-150ರ ಬಾಡಿ 2015ರಿಂದ ಅಲ್ಯೂಮಿನಿಯಂ. ಕಬ್ಬಿಣದ ಹಾಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಇಲ್ಲಿಗೆ ಅದೇ ಬೇಕು ಎಂದು ನಾನು ಹೇಳುವುದಿಲ್ಲ. ನೆಗ್ಗಿದರೆ ದಾರಿಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಸರಿ ಮಾಡುವವರು ಎಲ್ಲಿದ್ದಾರೆ? ಒಂದು ಒಳ್ಳೆಯ ಚಿಲಕ ಸಾಕು. ಮೀನಿನ ನೀರು ರಸ್ತೆಗೆ ಸುರಿಯದ ಹಾಗೆ ಅಡಿಯಲ್ಲಿ ಒಂದು ಟ್ಯಾಂಕ್, ಕಂಪನಿಯಿಂದಲೇ ಬರಲಿ. ಫೇಸ್‌ಲಿಫ್ಟ್ ಅಂದರೆ ಮುಖ ಮಾತ್ರ ಅಲ್ವಾ ಅಂತ ಕೇಳಬೇಡಿ. ಲೋಡ್ ಹೊರುವ ಗಾಡಿಗೆ ಹಿಂದುಗಡೆಯೇ ಮುಖ.

ಮಾವ ಈಗ ಅದೇ ಗಾಡಿಯ ಫೇಸ್‌ಲಿಫ್ಟ್ ತಂದಿದ್ದಾರೆ. ಹೊಸ ಗ್ರಿಲ್, ಪಕ್ಕದಲ್ಲಿ ಹೊಸ ಸ್ಟಿಕ್ಕರ್. ಪೂಜೆ ಮುಗಿಸಿ, ಹಳೆಯ ಗಾಡಿಯಿಂದ ಕಲ್ಲನ್ನು ತೆಗೆದು ಹೊಸ ಸೀಟಿನಡಿ ಇಟ್ಟರು.